ಇಪ್ಪತ್ತೊಂಬತ್ತನೇ ನಂಬರಿನ ಗಾಡಿ

ಮಾನ್ವಿ
8-9-2025, ಸೋಮವಾರ

ಪ್ರೀತಿಯ ತಮ್ಮ ಗೌತಮನಿಗೆ,

ನಿನ್ನ ಅಕ್ಕ ಮೌನೇಶ್ವರಿಯ ಜೈಭೀಮ್.

ಕಾಲಿನ ಗುಳ್ಳೆ ಮಾಯ್ದವೋ ಇಲ್ಲವೋ? ಭಾನುವಾರದ ಹತ್ತು ನಿಮಿಷದ ಫೋನಿನಲ್ಲಿ ಅವ್ವನಿಗೆ ನೀನು ಎಲ್ಲಾ ಆರಾಮ ಅದ ಎನ್ನುತ್ತೀ. ಎಲ್ಲಾ ಆರಾಮ ಎನ್ನುವವರನ್ನು ಬಸ್ ಡಿಪೋದಲ್ಲಿ ನಾನು ದಿನಕ್ಕೆ ಹತ್ತು ಮಂದಿ ನೋಡುತ್ತೇನೆ, ಹಾಗಾಗಿ ನಂಬಿಲ್ಲ. ಬೂಟಿನೊಳಗೆ ಎರಡು ಜೊತೆ ಸಾಕ್ಸ್ ಹಾಕಿಕೋ. ರಾಜಸ್ಥಾನದ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗಿಂತ ಕಡಿಮೆ ಎಂದು ನೀನು ಹೇಳಿದ್ದನ್ನೂ ನಂಬಿಲ್ಲ. ಅವ್ವ ಶೇಂಗಾ ಚಟ್ನಿಪುಡಿ ಕಟ್ಟಿ ಇಟ್ಟಿದ್ದಾಳೆ, ನಿಮ್ಮ ಸೈನ್ಯದ ತರಬೇತಿ ಕೇಂದ್ರದವರು ಪಾರ್ಸೆಲ್ ಒಳಗೆ ಬಿಡುತ್ತಾರೋ ಇಲ್ಲವೋ ತಿಳಿಸು. ಅವಳ ಮೊಣಕಾಲು ನೋವು ಹಾಗೇ ಇದೆ. ಅಪ್ಪನ ಸಕ್ಕರೆ ಸದ್ಯಕ್ಕೆ ಹತೋಟಿಯಲ್ಲಿದೆ, ಕಣ್ಣು ಮಾತ್ರ ಹಾಗೇ, ಎಡಗಣ್ಣಿಗೆ ಪಕ್ಕದಲ್ಲಿ ಬಂದವರು ಕಾಣುವುದಿಲ್ಲ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆದಿದ್ದನ್ನು ನೀನೂ ನಂಬಬೇಡ, ಮುಂದೆ ಓದು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತ ನಿನಗೆ ಅನ್ನಿಸಬಹುದು. ನೀನು ಫೋನು ಮಾಡಿದಾಗ ಅವ್ವ ಸ್ಪೀಕರ್ ಹಾಕಿ ಮಂಚದ ಮೇಲಿಡುತ್ತಾಳೆ, ಆ ಮಂಚದ ಇನ್ನೊಂದು ತುದಿಗೆ ಅಪ್ಪ ಕೂತಿರುತ್ತಾನೆ. ಅವನ ಎದುರು ಹೇಳುವ ಮಾತಲ್ಲ ಇದು. ನಿನ್ನ ಬೂಟು ಬಿಚ್ಚಿ, ಯಾರೂ ಇಲ್ಲದ ಕಡೆ ಕೂತು ಓದು.

ನೀನು ಹೋಗುವಾಗ ನನಗೆ ಒಂದು ಕೆಲಸ ಒಪ್ಪಿಸಿದ್ದೆ, ನೆನಪಿದೆಯಾ? ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಮನೆಯಲ್ಲೇ ಕೂತು ಕಂಪ್ಯೂಟರಿನ ರಸ್ತೆಯ ಮೇಲೆ ಗಾಡಿ ಓಡಿಸುವ ನಿಮ್ಮ ದೋಆಬ್ ಆನ್‌ಲೈನ್ ಚಾಂಪಿಯನ್‌ಶಿಪ್ಪಿನ ಫಲಿತಾಂಶದ ಪಟ್ಟಿ ಇಳಿಸಿ, ಪ್ರಿಂಟ್ ತೆಗೆದು ಪತ್ರದ ಜೊತೆ ಕಳಿಸಬೇಕು ಎಂದಿದ್ದೆ. ಅಲ್ಲಿ ಫೋನು ಕೈಗೆ ಕೊಡುವುದಿಲ್ಲ, ಯಾರು ಗೆದ್ದರು ಯಾರು ಸೋತರು ಎನ್ನುವುದು ತಿಳಿಯದಿದ್ದರೆ ಹುಚ್ಚು ಹಿಡಿಯುತ್ತದೆ ಎಂದು ನನ್ನ ಕೈ ಹಿಡಿದು ಹೇಳಿದ್ದೆ. ಕೆಲಸದ ಗಡಿಬಿಡಿಯಲ್ಲಿ ನಾನು ಮರೆತುಬಿಟ್ಟೆ. ಹೋದ ಸೋಮವಾರ ನೆನಪಾಗಿ, ಆಗಸ್ಟ್ ತಿಂಗಳ ಐದೂ ವಾರದ ಪಟ್ಟಿಯನ್ನು ಒಂದೇ ಸಲಕ್ಕೆ ಇಳಿಸಿದೆ. ನೋಡಿದರೆ ಐದರಲ್ಲೂ ನಿನ್ನ ಹೆಸರು! ಇಪ್ಪತ್ತೊಂಬತ್ತನೇ ನಂಬರು, ಗೌತಮ ಮಾನ್ವಿ. ಇಪ್ಪತ್ನಾಲ್ಕು ಮಂದಿಯಲ್ಲಿ ಹದಿನಾಲ್ಕನೇ ಸ್ಥಾನ, ಆಮೇಲೆ ಹನ್ನೆರಡು, ಹನ್ನೊಂದು, ಒಂಬತ್ತು, ಒಂಬತ್ತು. ಫೋನೇ ಇಲ್ಲದ ಮನುಷ್ಯ ಸ್ಟೀರಿಂಗ್ ಎಲ್ಲಿಂದ ತಂದ?

ನನ್ನ ಬುದ್ಧಿ ನಿನಗೆ ಗೊತ್ತೇ ಇದೆ, ನೀನೇ ಅಲ್ಲವೇ ನನಗೆ ಚೆಕಿಂಗ್ ಸ್ಕ್ವಾಡ್ ಎಂದು ಹೆಸರಿಟ್ಟವನು. ಮೊದಲು ನಿನ್ನ ಮೇಲೆಯೇ ಸಂಶಯ ಬಂತು. ತರಬೇತಿ ಬಿಟ್ಟು ಎಲ್ಲೋ ಗೆಳೆಯನ ಕೋಣೆಯಲ್ಲಿ ಕೂತಿದ್ದೀಯೋ ಏನೋ ಎಂದುಕೊಂಡೆ. ಆಮೇಲೆ ಅಂಕಿ ನೋಡಿದೆ. ನೀನು ಹೋಗುವ ತನಕ ನಿನ್ನ ಲೆಕ್ಕ ಹೀಗಿತ್ತು: ನಲವತ್ತಾರು ರೇಸು, ಎರಡು ಗೆಲುವು, ಮೊದಲ ಮೂರರಲ್ಲಿ ಏಳು ಸಲ, ಮತ್ತು ಬೇರೆ ಗಾಡಿಗೆ ತಾಗಿದ್ದು, ಗೋಡೆಗೆ ಉಜ್ಜಿದ್ದು, ರಸ್ತೆ ಬಿಟ್ಟು ಮಣ್ಣಿಗಿಳಿದಿದ್ದು ಎಲ್ಲ ಸೇರಿ ನೂರಾ ಎಂಬತ್ಮೂರು ಸಲ. ನೂರಾ ಎಂಬತ್ಮೂರು! ನಮ್ಮ ಡಿಪೋದಲ್ಲಿ ಇಂಥ ಡ್ರೈವರ್ ಇದ್ದರೆ ಅವನಿಗೆ ಬಸ್ ತೊಳೆಯಲು ಕೂಡ ಕೊಡುತ್ತಿರಲಿಲ್ಲ. ಈ ಐದು ರೇಸಿನಲ್ಲಿ ಅದೇ ಕಾಲಮ್ಮಿನಲ್ಲಿ ಏನಿದೆ ಗೊತ್ತಾ? ಸೊನ್ನೆ. ಐದಕ್ಕೆ ಐದೂ ಸೊನ್ನೆ. ನೀನಲ್ಲ ಎನ್ನುವುದು ಅಲ್ಲಿಗೆ ಖಾತ್ರಿಯಾಯಿತು, ನೀನು ನನ್ನ ತಮ್ಮ, ನಿನ್ನ ಕೈ ನನಗೆ ಗೊತ್ತಿಲ್ಲವೇ.

ನೀನಲ್ಲದಿದ್ದರೆ ಯಾರು? ನಿನ್ನ ರೇಸಿನ ಪಾಸ್‌ವರ್ಡ್ ಗೊತ್ತಿರುವ ಒಬ್ಬನೇ ಒಬ್ಬ ದೇವದುರ್ಗದ ವಿನೋದ. ಅವನ ನಗು ನನಗೆ ಮೊದಲಿನಿಂದಲೂ ಸರಿ ಬರುವುದಿಲ್ಲ, ಮೊಬೈಲ್ ರಿಪೇರಿ ಮಾಡುವವನು ಅಷ್ಟು ನಗಬಾರದು. ಬುಧವಾರ ನನಗೆ ವಾರದ ರಜೆ, ಯಾರಿಗೂ ಹೇಳದೆ ದೇವದುರ್ಗದ ಬಸ್ಸು ಹತ್ತಿದೆ. ಅಂಗಡಿಯೊಳಗೆ ಹೋಗಿ ಐದು ಹಾಳೆ ಅವನ ಮುಂದೆ ಹರಡಿ, ಇದು ನಿನ್ನ ಕೆಲಸ ತಾನೇ ಎಂದು ಕೇಳಿದೆ. ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟು, “ಅಕ್ಕಾ, ಅದೇ ರೇಸ್‌ನ್ಯಾಗ ನಾನೂ ಅದೀನ್ರಿ, ಹದಿನಾರನೇ ನಂಬರ್. ಒಬ್ಬಾವ ಎರಡು ಗಾಡಿ ಹೆಂಗ ಓಡಸ್ಲಿ?” ಎಂದ. ಹಾಳೆ ನೋಡಿದರೆ ಹೌದು, ಹದಿನಾರನೇ ನಂಬರು ಅಲ್ಲೇ ಇದೆ. ನನ್ನ ಮುಖ ಸಣ್ಣದಾಯಿತು. ಅವನೇ ಮುಂದುವರಿಸಿ ಹೇಳಿದ, “ಗೌತಮ ಭಾಳ ಸುಧಾರಿಸ್ಯಾನ್ರಿ. ಹಿಂದಿನವ್ರು ಲೈಟ್ ಬಡದ್ರ ಸಾಕು, ಎಡಕ್ಕ ಸರದು ದಾರಿ ಬಿಡ್ತಾನ. ಟೈರ್ ಬದಲಿ ಮಾಡಿ ಹೊರಗ ಬರೂವಾಗ ನಿಂತು ನೋಡಿ ಬರ್ತಾನ. ರೇಸ್‌ನ್ಯಾಗ ಯಾರರ ನಿಂತು ನೋಡ್ತಾರೇನ್ರಿ? ಮೊದ್ಲು ನಾವೆಲ್ಲಾ ನಕ್ಕೀವಿ. ಈಗ ಅವನ ಹಿಂದ ಹೋದ್ರ ಡಿಕ್ಕಿ ಆಗಂಗಿಲ್ಲ ಅಂತ ಅವನ ಹಿಂದ ಹಿಂದ ಹೋಗ್ತೀವಿ.” ಅವನು ಮಾಡಿಸಿಕೊಟ್ಟ ಚಹಾ ಕುಡಿದೆ, ಆದರೆ ಅವನ ಮೇಲಿನ ಸಂಶಯವನ್ನು ಪೂರ್ತಿ ಬಿಡಲಿಲ್ಲ.

ಶುಕ್ರವಾರ, ನೀನು ನನ್ನ ಫೋನಿನಲ್ಲಿ ತೆರೆದಿಟ್ಟು ಹೋದ ನಿನ್ನ ಇಮೇಲಿಗೆ ಒಂದು ಪತ್ರ ಬಂತು. ನಿಮ್ಮ ಚಾಂಪಿಯನ್‌ಶಿಪ್ ನಡೆಸುವ ರಾಯಚೂರಿನ ನಿಗಾರ್ ಮೇಡಂ ಬರೆದಿದ್ದರು. ಇಪ್ಪತ್ತೊಂಬತ್ತನೇ ನಂಬರಿನ ಗಾಡಿಯನ್ನು ಬೇರೆ ಯಾರೋ ಓಡಿಸುತ್ತಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದಾರೆ. ಸೆಪ್ಟೆಂಬರ್ ಇಪ್ಪತ್ತೈದರೊಳಗೆ ನಂಬರಿನ ಮಾಲೀಕ ಉತ್ತರ ಕೊಡಬೇಕು. ಕೊಡದಿದ್ದರೆ ಆಗಸ್ಟ್‌ನಿಂದ ಈಚಿನ ರೇಸುಗಳನ್ನೆಲ್ಲ ಅಳಿಸಿ, ಮೋಸ ಎಂದು ದಾಖಲಿಸಿ, ನಂಬರನ್ನೇ ತೆಗೆದುಹಾಕುತ್ತಾರೆ. ಆದರೆ ಮಾಲೀಕನೇ ತನ್ನ ನಂಬರನ್ನು ಇಂಥವರಿಗೆ ಕೊಟ್ಟಿದ್ದೇನೆ ಎಂದು ಸಹಿ ಮಾಡಿದ ಕಾಗದ ಕಳಿಸಿದರೆ, ಆ ರೇಸುಗಳು ಓಡಿಸಿದವನ ಹೆಸರಿಗೆ ಹೋಗುತ್ತವೆ, ಮುಂದೆಯೂ ಅವನು ಓಡಿಸಬಹುದು ಎಂದಿದ್ದಾರೆ. ಓದಿ ನನಗೆ ಒಂದು ಥರ ಸಮಾಧಾನವೇ ಆಯಿತು. ಇನ್ನು ಕಳ್ಳ ಸಿಕ್ಕೇ ಸಿಗುತ್ತಾನೆ ಎಂದುಕೊಂಡೆ.

ಶನಿವಾರ ಊಟದ ಹೊತ್ತಿನಲ್ಲಿ ಡಿಪೋದ ಮೇಜಿನ ಮೇಲೆ ಆ ಹಾಳೆಗಳನ್ನು ಮತ್ತೆ ಹರಡಿಕೊಂಡು ಕೂತಿದ್ದೆ. ಡೀಸೆಲ್ ಪಂಪಿನ ಜಂಬಣ್ಣ ಇದ್ದಾನಲ್ಲ, ಎಲ್ಲಿ ಕಾಗದ ಕಂಡರೂ ಕತ್ತು ಚಾಚುವವನು, ರೊಟ್ಟಿ ಮುರಿಯುತ್ತಲೇ ಬಗ್ಗಿ ನೋಡಿದ. ಪ್ರತಿ ರೇಸಿನ ಕೊನೆಗೆ ಯಾರ ಗಾಡಿಯಲ್ಲಿ ಎಷ್ಟು ಇಂಧನ ಉಳಿಯಿತು ಎನ್ನುವ ಕಾಲಮ್ಮು ಇದೆಯಲ್ಲ, ಅಲ್ಲಿ ಬೆರಳಿಟ್ಟ. ಎಲ್ಲರಿಗೂ ಅರವತ್ತು ಲೀಟರ್ ಕೊಟ್ಟಿರುತ್ತಾರೆ. ಉಳಿದವರೆಲ್ಲ ಎರಡು, ಮೂರು ಲೀಟರ್ ಇಟ್ಟುಕೊಂಡು ಮುಗಿಸಿದ್ದಾರೆ, ಇಪ್ಪತ್ತೊಂಬತ್ತನೇ ನಂಬರು ಮಾತ್ರ ಪ್ರತಿ ಸಲ ಹನ್ನೊಂದು. “ಯಾರಬೇ ಈ ಇಪ್ಪತ್ತೊಂಬತ್ತು? ಇಂಥಾ ಕೆಎಂಪಿಎಲ್ ತಗಿಯಾವ ನಿಮ್ಮಪ್ಪ ಹೋದಮ್ಯಾಲೆ ಡಿಪೋದಾಗ ಒಬ್ಬಾವ ಇಲ್ಲ ನೋಡು” ಎಂದು ಹೇಳಿ ಕೈ ತೊಳೆಯಲು ಹೋದ.

ಗೌತಮ, ಆ ಕಾಲಮ್ಮನ್ನು ನಾನು ಮತ್ತೆ ಮೊದಲಿನಿಂದ ಓದಿದೆ. ಹನ್ನೊಂದು ವರ್ಷದಿಂದ ನಾನು ಡಿಪೋದಲ್ಲಿ ಮಾಡುವ ಕೆಲಸವೇ ಅದು. ಯಾವ ಡ್ರೈವರ್ ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಓಡಿಸಿದ ಎಂದು ಬರೆದಿಡುವುದು. ಒಬ್ಬರ ಡ್ಯೂಟಿಗೆ ಇನ್ನೊಬ್ಬರು ಹೋಗುವುದು ಅಲ್ಲಿ ಹೊಸದೇನಲ್ಲ. ಮಗಳನ್ನು ನೋಡಲು ಬೀಗರು ಬರುತ್ತಾರೆ ಎಂದು ಡ್ರೈವರ್ ಹನುಮಂತ್ರಾಯ ಒಮ್ಮೆ ತನ್ನ ನಂಬರಿನ ಮೇಲೆ ಬೇರೆಯವನನ್ನು ಕಳಿಸಿದ್ದ. ಸಹಿ ಹನುಮಂತ್ರಾಯನದೇ ಇತ್ತು, ಡೀಸೆಲ್ ಅವನದಾಗಿರಲಿಲ್ಲ. ಮಧ್ಯಾಹ್ನದೊಳಗೆ ಹಿಡಿದುಬಿಟ್ಟಿದ್ದೆ. ತಿರುವು ಇನ್ನೂ ದೂರ ಇರುವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವವನ, ಬ್ರೇಕನ್ನು ಉಳಿಸಿಕೊಂಡು ಓಡಿಸುವವನ ಅಂಕಿಯೇ ಬೇರೆ. ಇಷ್ಟೆಲ್ಲ ತಿಳಿದ ನಾನು ದೇವದುರ್ಗದ ತನಕ ಹೋಗಿ ಬಂದೆ, ನಮ್ಮ ಮನೆಯ ನಡುಕೋಣೆಯನ್ನು ನೋಡಲಿಲ್ಲ.

ನಿನ್ನೆ ಭಾನುವಾರ ಅರ್ಧ ದಿನದ ರಜೆ ಹಾಕಿ ಮೂರೂವರೆಗೆ ಮನೆಗೆ ಬಂದೆ. ಅವ್ವ ಪ್ರತಿ ಭಾನುವಾರದಂತೆ ಬುದ್ಧ ವಿಹಾರಕ್ಕೆ ಹೋಗಿದ್ದಳು. ಬಾಗಿಲು ತಟ್ಟಲಿಲ್ಲ, ಅಮೀರ್ ಬೀ ಮನೆಯ ಕಡೆಯ ಸಂದಿಯಿಂದ ಹೋಗಿ ಕಿಟಕಿಯಲ್ಲಿ ನೋಡಿದೆ. ಅಮೀರ್ ಬೀ ಅಕ್ಕಿ ಆರಿಸುತ್ತಾ ಕೂತವಳು ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಅವಳಿಗೂ ಗೊತ್ತಿತ್ತು! ರೇಸಿಗೆಂದು ಗುಜರಿಯಿಂದ ತಂದು ಕಂಪ್ಯೂಟರಿನ ಮುಂದೆ ನೀನು ಬೋಲ್ಟು ಹಾಕಿ ಕೂರಿಸಿದ ಆ ಹಳೆಯ ಬಸ್ಸಿನ ಡ್ರೈವರ್ ಸೀಟು, ಆರು ತಿಂಗಳು ಅಪ್ಪ ಅದರ ಕಡೆ ಬೆನ್ನು ಹಾಕಿ ಕೂರುತ್ತಿದ್ದನಲ್ಲ, ಅದೇ ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಕನ್ನಡಕ ಹಾಕಿ, ಪರದೆಯನ್ನು ಮುಖಕ್ಕೆ ಹತ್ತಿರ ಎಳೆದುಕೊಂಡು, ತಲೆಯನ್ನೇ ಎಡಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹಿಂದಿನಿಂದ ಒಂದು ಕೆಂಪು ಗಾಡಿ ನುಗ್ಗಿ ಬಂತು. ಅಪ್ಪ ಸ್ಟೀರಿಂಗನ್ನು ಮೆಲ್ಲಗೆ ಸರಿಸಿ, “ಹೋಗಪಾ ಹೋಗ, ನಿನಗ ಅವಸರ ಅದ” ಎಂದ. ಎಷ್ಟು ದಿನದ ಮೇಲೆ ಕೇಳಿದೆ ಗೊತ್ತಾ ಆ ದನಿಯನ್ನು? ಡ್ಯೂಟಿಯ ದನಿ ಅದು. ನಾನು ಒಳಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿಗೆ ವಾಪಸ್ ಹೋಗಿ, ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಪಕ್ಕದ ಹೆಂಗಸು ಬಸ್ಸು ತಪ್ಪಿತೇನವ್ವಾ ಎಂದು ಕೇಳಿದಳು, ಹೌದು ಎಂದೆ.

ಐದು ಗಂಟೆಗೆ ಚಪ್ಪಲಿ ಸದ್ದು ಮಾಡಿಕೊಂಡು ಬಂದೆ. ಅಪ್ಪ ಮಂಚದ ಮೇಲೆ ಪೇಪರ್ ಹಿಡಿದಿದ್ದ, ಏನೂ ನಡೆದೇ ಇಲ್ಲ ಎನ್ನುವ ಹಾಗೆ. ಪೇಪರ್ ತಗ್ಗಿಸಿ, “ಬಸ್ಸು ಲೇಟಾತೇನವ್ವಾ?” ಎಂದು ಕೇಳಿದ. ಗೌತಮ, ಅವನಾಗಿ ಅವನು ನನ್ನನ್ನು ಒಂದು ಮಾತು ಕೇಳಿ ಹದಿನಾಲ್ಕು ತಿಂಗಳಾಗಿತ್ತು. ನೀರು ಕೊಡು, ಮಾತ್ರೆ ಕೊಡು ಎನ್ನುವುದನ್ನು ನಾನು ಮಾತು ಎಂದು ಲೆಕ್ಕ ಹಿಡಿಯುವುದಿಲ್ಲ.

ಆ ಹದಿನಾಲ್ಕು ತಿಂಗಳ ಕಥೆ ನಿನಗೆ ಅರ್ಧ ಗೊತ್ತು. ಕಲ್ಲೂರು ಕ್ರಾಸಿನಲ್ಲಿ ಜನರನ್ನು ಇಳಿಸಲು ಬಸ್ಸು ನಿಂತಿತ್ತು, ಹಿಂದಿನಿಂದ ಬಂದ ಬೈಕಿನವನು ಬಂಪರಿಗೆ ತಾಗಿದ, ಅವನ ಹೆಡ್‌ಲೈಟ್ ಒಡೆಯಿತು, ಅಷ್ಟೇ. ಅಪ್ಪನೇ ಡಿಪೋಗೆ ಬಂದು ಬರೆದುಕೊಟ್ಟ. ಇನ್ನರ್ಧ ಇದು: ಬೇರೆ ಯಾವ ಗುಮಾಸ್ತ ಇದ್ದರೂ ತನಿಖೆಯ ವರದಿ ಬರುವ ತನಕ ಆ ಕಾಗದವನ್ನು ಫೈಲಿನಲ್ಲಿ ಇಡುತ್ತಿದ್ದ. ನಾನು ಅವತ್ತೇ ಮಧ್ಯಾಹ್ನ ಅಪ್ಪನ ದಾಖಲೆ ತೆಗೆದು, ಇಪ್ಪತ್ತಾರು ವರ್ಷ ಖಾಲಿ ಇದ್ದ ಕಾಲಮ್ಮಿನಲ್ಲಿ ಅಲ್ಪ ಅಪಘಾತ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಮಗಳು ಅಂತ ಮುಚ್ಚಿಟ್ಟಳು ಎಂದು ಯಾರೂ ಅನ್ನಬಾರದಲ್ಲ, ಅದಕ್ಕೆ. ಯಾರೂ ಅನ್ನುತ್ತಿರಲಿಲ್ಲ, ಅನ್ನುತ್ತಾರೆ ಎಂಬ ಸಂಶಯ ನನಗೆ. ಮೂರು ವಾರದ ಮೇಲೆ ಡ್ರೈವರನ ತಪ್ಪಿಲ್ಲ ಎಂದು ವರದಿ ಬಂತು. ಅಷ್ಟರೊಳಗೆ ಅಪಘಾತವಿಲ್ಲದ ಚಾಲನೆಗೆ ಕೊಡುವ ಚಿನ್ನದ ಪದಕದ ಪಟ್ಟಿ ಅಪ್ಪನ ಹೆಸರಿಲ್ಲದೆ ಹೋಗಿತ್ತು. ಮುಂದಿನ ವರ್ಷ ಸೇರಿಸಿದರಾಯಿತು ಎಂದರು. ಮುಂದಿನ ತಿಂಗಳೇ ಕಣ್ಣಿನ ತಪಾಸಣೆಯಲ್ಲಿ ಸ್ಟೀರಿಂಗ್ ಕೈಬಿಟ್ಟು ಹೋಯಿತು. ಗೇಟಿನ ಹತ್ತಿರ ಕೂತು ಬಸ್ಸಿನ ನಂಬರು ಬರೆಯುವ ಕೆಲಸ ಬೇಡ ಎಂದು ಮನೆಗೆ ಬಂದುಬಿಟ್ಟ. ಅವ್ವ ನನ್ನನ್ನು ಬೈದಳು. ಅವನು ಬೈಯಲಿಲ್ಲ. “ನೀ ಬರದಿದ್ದು ಖರೇನ ಅದ ಬಿಡವ್ವಾ” ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇವತ್ತು ಬೆಳಿಗ್ಗೆ ಅವನು ಕಟಿಂಗ್‌ಗೆ ಹೋದಾಗ ಆ ಸೀಟಿನ ಕೆಳಗೆ ಕೈ ಹಾಕಿದೆ. ಹುಡುಕದೆ ಇರಲು ನನ್ನಿಂದ ಆಗುವುದಿಲ್ಲ, ನಿನಗೆ ಗೊತ್ತು. ನಿನ್ನ ಹಳೆಯ ನೋಟ್‌ಬುಕ್ ಸಿಕ್ಕಿತು. ಡ್ಯೂಟಿ ಮುಗಿದ ಮೇಲೆ ಬರೆಯುವ ಹಾಗೇ ಸ್ಕೇಲಿನಿಂದ ಗೆರೆ ಹಾಕಿ, ಆರು ಭಾನುವಾರದ ತಾರೀಖು ಬರೆದಿದ್ದಾನೆ. ಹೊರಟಿದ್ದು ಮೂರು ಗಂಟೆ. ಮುಟ್ಟಿದ್ದು ಮೂರು ಐವತ್ತೆರಡು. ಉಳಿದ ಡೀಸೆಲ್ ಹನ್ನೊಂದು. ರೇಸಿನ ಗಾಡಿಗೆ ಡೀಸೆಲ್ ಹಾಕುತ್ತಾರೇನು ಎಂದು ನಗು ಬಂತು, ಆಮೇಲೆ ಕೊನೆಯ ಕಾಲಮ್ಮು ನೋಡಿದೆ, ನಗು ನಿಂತಿತು. ಅಪಘಾತ: ಇಲ್ಲ. ಆರೂ ಸಾಲಿನಲ್ಲಿ, ಆ ನಡುಗುವ ಅಕ್ಷರದಲ್ಲಿ, ಇಲ್ಲ, ಇಲ್ಲ, ಇಲ್ಲ. ಇದ್ದ ಹಾಗೇ ಇಟ್ಟು ಬಂದೆ.

ಆದ್ದರಿಂದ ಈಗ ನಿನ್ನಿಂದ ಆಗಬೇಕಾದ ಕೆಲಸ ಇದು. ಜೊತೆಗೆ ಒಂದು ಕಾಗದ ಇಟ್ಟಿದ್ದೇನೆ, ನಿಗಾರ್ ಮೇಡಂ ಕಳಿಸಿದ ನಮೂನೆ. ಅದಕ್ಕೆ ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ತಕ್ಷಣ ಕಳಿಸು. ಇಪ್ಪತ್ತೈದರೊಳಗೆ ಅವರ ಕೈಯಲ್ಲಿರಬೇಕು. ಇಲ್ಲದಿದ್ದರೆ ಆ ಆರು ಸೊನ್ನೆಯೂ ಅಳಿಸಿಹೋಗುತ್ತವೆ, ಅವುಗಳ ಜಾಗದಲ್ಲಿ ಮೋಸ ಎಂದು ಬರುತ್ತದೆ, ಅಪ್ಪ ಅದನ್ನು ಓದುತ್ತಾನೆ. ಇನ್ನೊಂದು ದಾಖಲೆ ಕಳೆದುಕೊಂಡು ತಾಳುವಷ್ಟು ಅವನಲ್ಲಿ ಏನೂ ಉಳಿದಿಲ್ಲ. ಮರಳಿ ಬಂದ ಮೇಲೆ ನಿನಗೆ ಬೇರೆ ನಂಬರು ಸಿಗುತ್ತದೆ, ಅದನ್ನೂ ಗೋಡೆಗೆ ಉಜ್ಜುವೆಯಂತೆ. ಅಂದ ಹಾಗೆ ಆ ಕಂಪ್ಯೂಟರ್ ಹೇಗೆ ಹಚ್ಚಬೇಕು, ಯಾವ ಗುಂಡಿ ಒತ್ತಬೇಕು ಎಂದು ಅವನಿಗೆ ಯಾರು ಕಲಿಸಿದರು? ಹೋಗುವ ಹಿಂದಿನ ದಿನ ನೀವಿಬ್ಬರೂ ಬಾಗಿಲು ಹಾಕಿಕೊಂಡು ಫ್ಯಾನ್ ರಿಪೇರಿ ಮಾಡಿದ್ದಿರಿ. ಫ್ಯಾನ್ ಇವತ್ತಿಗೂ ಗರಗರ ಎನ್ನುತ್ತದೆ. ಇದಕ್ಕೆ ಉತ್ತರ ಬರೆಯದಿದ್ದರೆ ನಾನು ಬಿಡುವುದಿಲ್ಲ.

ಅವ್ವನ ಆಶೀರ್ವಾದ. ಅಮೀರ್ ಬೀ ನಿನ್ನನ್ನು ಬಹಳ ಕೇಳುತ್ತಾಳೆ, ಅವಳ ಮೇಲೆ ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ. ಹೊಟ್ಟೆ ತುಂಬ ಉಣ್ಣು, ಹಿರಿಯ ಅಧಿಕಾರಿಗಳ ಎದುರು ವಾದಕ್ಕೆ ನಿಲ್ಲಬೇಡ.

ಜೈಭೀಮ್.

ನಿನ್ನ ಅಕ್ಕ,
ಮೌನೇಶ್ವರಿ

ತಾ.ಕ.: ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಕಿಟಕಿ ಮುಚ್ಚುವ ಹೊತ್ತು. ಮೇಲೆ ಯಾರೋ ದೂರು ಕೊಟ್ಟರು ಎಂದು ಬರೆದಿದ್ದೇನೆ. ಯಾರೋ ಅಲ್ಲ. ದೇವದುರ್ಗದಿಂದ ಬಂದ ಮರುದಿನ ಗುರುವಾರ ನಾನೇ ಬರೆದೆ, ಹೆಸರು ಹಾಕದೆ. ಇವತ್ತು ಬೆಳಿಗ್ಗೆ ನಿಗಾರ್ ಮೇಡಂಗೆ ಫೋನು ಮಾಡಿ, ದೂರು ನನ್ನದು, ವಾಪಸ್ ಕೊಡಿ ಎಂದು ಬೇಡಿಕೊಂಡೆ. ಒಮ್ಮೆ ದಾಖಲಾದರೆ ಮುಗಿಯಿತು, ಉತ್ತರ ಬರಲೇಬೇಕು ಎಂದರು. ಡ್ರೈವರುಗಳಿಗೆ ನಾನು ದಿನಾ ಹೇಳುವುದೂ ಅದನ್ನೇ. ಅಪ್ಪನಿಗೆ ನೀನು ಹೇಳಬೇಡ, ನಿನ್ನ ಕಾಗದ ಮುಟ್ಟಿದ ದಿನ ನಾನೇ ಅವನ ಎದುರು ಕೂತು ಹೇಳುತ್ತೇನೆ. ಇನ್ನೊಂದು: ನಮೂನೆಯಲ್ಲಿ ಎಲ್ಲ ತುಂಬಿದ್ದೇನೆ, ಓಡಿಸುವವರ ಹೆಸರು ಎನ್ನುವ ಕಡೆ ಮಾತ್ರ ಖಾಲಿ ಇದೆ. ಮರೆತಿದ್ದಲ್ಲ. ಮೂರು ಸಲ ಪೆನ್ನು ಊರಿದೆ, ಕೈ ಬರಲಿಲ್ಲ. ಅಲ್ಲಿ ಅಪ್ಪನ ಹೆಸರನ್ನು, ಅಯ್ಯಪ್ಪ ಎಂದು, ನೀನೇ ಬರೆ.